ಹೊಸ ತೋಟೆಗೂ ಹದ ಬೇಕು

ಸಂಸೆ, ಕಳಸ, ಮೂಡಿಗೆರೆ ಕಡೆಯವರಿಗೆ ತೋಟವೂ ಗೊತ್ತು, ತೋಟೆಯೂ ಗೊತ್ತು. ತೋಟ ಅಂದ್ರೆ ಕಾಫಿ, ಮೆಣಸು, ಅಡಿಕೆ. ತೋಟೆ ಅಂದ್ರೆ ಕೋವಿಗೆ ಹಾಕುವ ಕಾರ್ಟ್ರಿಜ್. ಕಾಡುಪ್ರಾಣಿಗಳ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿ ಕೋವಿ ಇಟ್ಟುಕೊಂಡ ಮನೆಗಳು ನಮ್ಮ ಕಡೆ ಹೊಸದೇನಲ್ಲ. ಎಲೆಕ್ಷನ್ ಬಂತು ಅಂದ್ರೆ ಆ ಕೋವಿಗಳು ಪೊಲೀಸ್ ಠಾಣೆಗೆ ಹೋಗಿ ಕೂರೋದೂ ಹೊಸದಲ್ಲ. ಹೊಸದು ಅಂದ್ರೆ ನಮ್ಮ ವಯಸ್ಸಿನವರು ಮೊಬೈಲಲ್ಲಿ ನೋಡ್ತಿರೋ ವಿಡಿಯೋಗಳು. ಅಮೆರಿಕದಲ್ಲಿ ಯಾರೋ ಒಬ್ಬ ತನ್ನ ಗ್ಯಾರೇಜಲ್ಲಿ ಕೂತು ರೈಫಲ್ ತೋಟೆಗಳನ್ನು ತಾನೇ ತುಂಬಿಸಿಕೊಳ್ತಾನೆ. ನೋಡಿದವರು ಕೇಳ್ತಾರೆ: "ಇಷ್ಟೇನಾ? ಇದನ್ನ ನಾವೂ ಮಾಡಬಹುದಲ್ವಾ?"

ಇದಕ್ಕೆ ಮನೆಯ ಹಿರಿಯರ ಉತ್ತರ ಒಂದೇ: "ಪೊಲೀಸರು ಹಿಡ್ಕೊಂಡು ಹೋಗ್ತಾರೆ, ಸುಮ್ನಿರ್ರೋ." ಉತ್ತರ ಸರಿಯಾಗಿಯೇ ಇದೆ, ಆದರೆ ಅದು ಅರ್ಧ ಉತ್ತರ. ಉಳಿದರ್ಧ ನಮ್ಮ ಮೆಟೀರಿಯಲ್ ಸೈನ್ಸ್ ಪುಸ್ತಕಗಳಲ್ಲಿದೆ, ಇಂಗ್ಲಿಷಿನಲ್ಲಿದೆ, ಬೆಟ್ಟ ಹತ್ತಿ ಸಂಸೆವರೆಗೆ ಬಂದಿಲ್ಲ. ಅದನ್ನು ಕನ್ನಡದಲ್ಲಿ ಹೇಳೋದು ಎಂಜಿನಿಯರಿಂಗ್ ಓದ್ತಿರೋ ನಮ್ಮ ಕೆಲಸ ಅನ್ನೋದು ನಮ್ಮ ವಾದ.

ಮೊದಲು ಆ ವಿಡಿಯೋದಲ್ಲಿ ಏನು ನಡೀತಿದೆ ನೋಡೋಣ. ಆತನ ಮುಂದಿರೋದು ಅಂಗಡಿಯಿಂದ ಈಗಷ್ಟೇ ಬಂದ, ಒಮ್ಮೆಯೂ ಹಾರಿಸದ ಹಿತ್ತಾಳೆ ಕೇಸುಗಳು. ಫಳಫಳ ಹೊಳೀತಿರ್ತವೆ. ಆದರೂ ಆತ ಅವನ್ನು ಹಾಗೇ ಬಳಸಲ್ಲ. ಸಾಗಾಟದಲ್ಲಿ ಬಾಯಿ ನೆಗ್ಗಿದೆಯಾ ಅಂತ ಒಂದೊಂದನ್ನೇ ತಿರುಗಿಸಿ ನೋಡ್ತಾನೆ. ಕುತ್ತಿಗೆಯನ್ನು ಡೈ ಒಳಗೆ ಹಾಯಿಸಿ ದುಂಡಗೆ ಮಾಡ್ತಾನೆ. ವರ್ನಿಯರ್ ಕ್ಯಾಲಿಪರ್ ಹಿಡಿದು ಉದ್ದ ಅಳೆದು, ಹೆಚ್ಚಿದ್ದನ್ನು ಕತ್ತರಿಸ್ತಾನೆ. ಬಾಯಿಯ ಅಂಚಿನ ಚೂಪನ್ನು ಒಳಗೂ ಹೊರಗೂ ತೆಗೀತಾನೆ. ತಳದಲ್ಲಿ ಕೇಪಿನ ಬೆಂಕಿ ಒಳಗೆ ಹೋಗುವ ಸಣ್ಣ ತೂತು ಇರುತ್ತೆ. ಅದನ್ನು ಪಂಚ್ ಮಾಡಿದಾಗ ಉಳಿದ ಬರ್ ಕೆರೆದು ತೆಗೀತಾನೆ. ಕೆಲವರು ಕೇಸುಗಳನ್ನು ತೂಕ ಮಾಡಿ ಗುಂಪು ಗುಂಪಾಗಿ ಬೇರೆ ಇಡ್ತಾರೆ.

ಹೊಸದಕ್ಕೇ ಯಾಕಿಷ್ಟು ಕಷ್ಟ? ಉದ್ದ ಜಾಸ್ತಿಯಾದ್ರೆ ಕೇಸಿನ ಬಾಯಿ ಮುಂದಿನ ಲೋಹಕ್ಕೆ ಒತ್ತಿಕೊಂಡು ಗುಂಡನ್ನು ಬಿಗಿಯಾಗಿ ಹಿಡಿಯುತ್ತೆ, ಒತ್ತಡ ಏರುತ್ತೆ. ಹಳೆಯ .303 ರೈಫಲಿನಲ್ಲೂ ಈ ಒತ್ತಡ 3,000 ಬಾರ್ ದಾಟುತ್ತೆ. ನಮ್ಮೂರ ಜೀಪಿನ ಟೈರಿಗೆ ಹೊಡೆಸುವ ಗಾಳಿ 2 ಬಾರ್ ಚಿಲ್ಲರೆ. ಬೋಲ್ಟ್ ಉಕ್ಕಿನದ್ದೇ ಇರಬಹುದು, ಆದರೆ ಬಿಸಿ ಅನಿಲ ಹಾರಿಸುವವನ ಮುಖದ ಕಡೆ ನುಗ್ಗದಂತೆ ತಡೆಯೋದು ಆ ತೆಳು ಹಿತ್ತಾಳೆ. ಒತ್ತಡಕ್ಕೆ ಅದು ಉಬ್ಬಿ ಗೋಡೆಗೆ ಅಂಟಬೇಕು, ಆಮೇಲೆ ಸ್ವಲ್ಪ ಕುಗ್ಗಿ ಬಿಟ್ಟುಕೊಳ್ಳಬೇಕು. ಎರಡೂ ಆಗಬೇಕು ಅಂದ್ರೆ ಲೋಹದ ಹದ ಸರಿಯಿರಬೇಕು.

ಹದ ಅನ್ನೋ ಪದವನ್ನು ಬೇಕೆಂದೇ ಬಳಸಿದ್ದೇವೆ. ಈ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಇಂಗ್ಲಿಷಿನಲ್ಲಿ ಇದರ ಹೆಸರೇ ಕಾರ್ಟ್ರಿಜ್ ಬ್ರಾಸ್. ಬಿಲ್ಲೆಯನ್ನು ಬಟ್ಟಲು ಮಾಡಿ, ಮತ್ತೆ ಮತ್ತೆ ಎಳೆದು ಕೊಳವೆ ಮಾಡ್ತಾರೆ. ಎಳೆದಷ್ಟೂ ಗಡಸಾಗುತ್ತೆ, ನಡುನಡುವೆ ಕಾಯಿಸದಿದ್ರೆ ಹರಿದೇ ಹೋಗುತ್ತೆ. ಕೊನೆಗೆ ತಳ ಗಡಸಾಗಿ ಉಳಿಯಬೇಕು, ಕುತ್ತಿಗೆ ಮೆತ್ತಗಾಗಬೇಕು. ಅದಕ್ಕೆ ಕುತ್ತಿಗೆಯನ್ನಷ್ಟೇ ಕಾಯಿಸ್ತಾರೆ. ಪುಸ್ತಕದಲ್ಲಿ ಇದು ಅನೀಲಿಂಗ್. ಕುಲುಮೆಯಲ್ಲಿ ಕತ್ತಿಗೆ ಹದ ಹಾಕುವ ಆಚಾರ್ರಿಗೆ ಇದರ ಅರ್ಧ ಪಾಠ ಆಗಲೇ ಗೊತ್ತು. ಅವರ ಕೆಲಸ ಬೇರೆ, ಲೋಹ ಬೇರೆ. ಆದರೆ ಕಾವು ಕೊಟ್ಟು ಲೋಹದ ಒಳಗನ್ನು ಬೇಕಾದ ಸ್ಥಿತಿಗೆ ತರೋ ವಿಚಾರ ಒಂದೇ.

ಹದ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ದೊಡ್ಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯ ಮಳೆಗಾಲಕ್ಕೆ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡ್ತಿತ್ತು. ಮಳೆ ಮುಗಿದು ತೆಗೆದು ನೋಡಿದ್ರೆ ಎಷ್ಟೋ ತೋಟೆಗಳು ಸೀಳಿರ್ತಿದ್ದವು, ಅದೂ ಗುಂಡನ್ನು ಕಚ್ಚಿ ಹಿಡಿದ ಜಾಗದಲ್ಲೇ. ಯಾರೂ ಹಾರಿಸಿಲ್ಲ, ಬೀಳಿಸಿಲ್ಲ. ಮಳೆಗಾಲಕ್ಕೆ ಬರೋ ಬಿರುಕು ಅಂತ ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಅನ್ನೋ ಹೆಸರು ಬಂತು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಕಾರಣ ವಿವರಿಸಿದರು. ಕುದುರೆ ಗಂಜಲದ ಅಮೋನಿಯಾ, ಹವೆಯ ತೇವ, ಎಳೆದು ಮಾಡಿದ ಹಿತ್ತಾಳೆಯ ಒಳಗೇ ಉಳಿದಿದ್ದ ಸ್ಟ್ರೆಸ್, ಇವು ಒಟ್ಟಿಗೆ ಸೇರಿದ್ರೆ ಲೋಹದ ಕಣಗಳ ಗಡಿಯಗುಂಟ ಬಿರುಕು ನಡೆಯುತ್ತೆ. ಹಗುರವಾಗಿ ಕಾಯಿಸಿ ಒಳಗಿನ ಸ್ಟ್ರೆಸ್ ತೆಗೆಯೋದು, ಅಮೋನಿಯಾದಿಂದ ದೂರ ಇಡೋದು ಇದಕ್ಕಿದ್ದ ಪರಿಹಾರ.

ಈಗ ಕುದುರೆ ಲಾಯ ತೆಗೆದು ನಮ್ಮೂರ ಕೊಟ್ಟಿಗೆ ಹಾಕಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಮಳೆ. ಮೂಗಿಗೆ ಘಾಟು ಹೊಡೆಯುವ ಗಂಜಲ. ಗೋಡೌನಿನಲ್ಲಿ ತೇವ ಹೀರಿದ ಯೂರಿಯಾ ಚೀಲ. ಕೊಟ್ಟಿಗೆ ಅಟ್ಟದ ಡಬ್ಬಿಯಲ್ಲಿ ತಾತನ ಕಾಲದ ಪೂರಾ ಹಿತ್ತಾಳೆಯ ಹನ್ನೆರಡು ಬೋರ್ ತೋಟೆ ಇದ್ದರೆ, ಅದು ಎಷ್ಟು ಮಳೆಗಾಲ ಉಸಿರಾಡಿದೆ ಅಂತ ಲೆಕ್ಕ ಹಾಕಿ. ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಹೊಳೆಯಬಹುದು. ಅಮೋನಿಯಾ ಇರುವ ಪಾಲಿಶ್ ಹಾಕಿದ್ರೆ ಇನ್ನೂ ಹೊಳೆಯಬಹುದು, ಜೊತೆಗೆ ಬಿರುಕಿಗೂ ದಾರಿ ಆಗಬಹುದು. ಹೊಳಪು ಹೊರಗಿನದು, ಹದ ಒಳಗಿನದು. ಕಣ್ಣಿಗೆ ಕಾಣದ ಬಿರುಕಿರುವ ಕೇಸಿಗೆ ಅಟ್ಟದ ಮೇಲೆ ಕೂತು ಮದ್ದು ತುಂಬುವವರ ಕೈ, ಕಣ್ಣು ಏನಾಗಬೇಕು?

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೆ ಬೇರೆಯೇ ಲೈಸೆನ್ಸ್ ಬೇಕು; ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಸಾಲದು. ಆ ಕಾಯ್ದೆಯಲ್ಲಿ ಮದ್ದುಗುಂಡು ಅಂದ್ರೆ ಅದರ ಬಿಡಿಭಾಗ, ತಯಾರಿಸುವ ಯಂತ್ರ ಎಲ್ಲವೂ ಸೇರುತ್ತೆ. "ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ" ಅಂತ ವಾದಿಸುವವರೂ ಇದ್ದಾರೆ. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋ ವಿನಾಯ್ತಿ ಕೋವಿ ಇಟ್ಟುಕೊಳ್ಳೋಕೆ. ಮನೆಯಲ್ಲಿ ತೋಟೆ ತಯಾರಿಸೋಕೆ ಅಲ್ಲ. ಹಾಗಾಗಿ ನಮ್ಮ ನಿಲುವು ಸ್ಪಷ್ಟ: ಮಲೆನಾಡಿನ ಮನೆಗಳಲ್ಲಿ ತೋಟೆ ತುಂಬಿಸುವ ಕೆಲಸ ಬೇಡವೇ ಬೇಡ.

"ಹಾಗಾದ್ರೆ ಇಷ್ಟೆಲ್ಲ ಯಾಕೆ ಬರೆದ್ರಿ? ಮಲಗಿದ್ದವರನ್ನ ಎಬ್ಬಿಸಿದ ಹಾಗಾಗಲ್ವಾ?" ಅಂತ ಕೇಳಬಹುದು. ಯಾರೂ ಮಲಗಿಲ್ಲ. ವಿಡಿಯೋ ಎಲ್ಲರ ಕೈಯಲ್ಲಿದೆ. ಹತ್ತು ನಿಮಿಷಕ್ಕೆ ಕತ್ತರಿಸಿದ ವಿಡಿಯೋದಲ್ಲಿ ಕೆಲಸ ಸುಲಭವಾಗಿ ಕಾಣುತ್ತೆ. ಆತ ಹೊಸ ಕೇಸನ್ನೂ ನಂಬದೆ ಒಂದೊಂದಾಗಿ ಅಳೆಯೋದು ಬೋರ್ ಆಗಿ ಕಾಣುತ್ತೆ, ನೋಡುವವರು ಅದನ್ನೇ ದಾಟಿಸಿಬಿಡ್ತಾರೆ. 'ಮಾಡಬೇಡ' ಅಂತಷ್ಟೇ ಹೇಳಿದ್ರೆ ಹತ್ತೊಂಬತ್ತರ ವಯಸ್ಸಿಗೆ ಅದು ಸವಾಲಿನ ಹಾಗೆ ಕೇಳುತ್ತೆ. ಯಾಕೆ ಬೇಡ ಅಂತ ಲೋಹದ ಭಾಷೆಯಲ್ಲಿ, ಜೊತೆಗೆ ಮನೆಯ ಭಾಷೆಯಲ್ಲಿ ಹೇಳಿದ್ರೆ ಕೇಳುವವರು ಯೋಚಿಸ್ತಾರೆ ಅನ್ನೋ ನಂಬಿಕೆ ನಮ್ಮದು.

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನವರು. ಸ್ಟ್ರೆಸ್ ಕರೋಷನ್ ಬಗ್ಗೆ ಹತ್ತು ಮಾರ್ಕ್ಸಿಗೆ ಬರೀತೀವಿ. ಅದನ್ನೇ ತೋಟದ ಮನೆಯ ಜಗಲಿಯಲ್ಲಿ ಕೂತು ಹೇಳು ಅಂದ್ರೆ ತಡವರಿಸ್ತೀವಿ. ಕನ್ನಡದಲ್ಲಿ ಪದ ಇಲ್ಲ ಅನ್ನೋದು ನೆಪ. ಹದ ಇದೆ, ಬಿರುಕು ಇದೆ, ಗಡಸು ಇದೆ, ಮೆತ್ತಗೆ ಇದೆ. ಇಲ್ಲದ ಕಡೆ ಅಮೋನಿಯಾ, ಬಾರ್, ಡೈ ಅಂತಲೇ ಹೇಳೋಣ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಮುಂದಿನ ರಜೆಗೆ ಊರಿಗೆ ಹೋಗುವವರು ಒಂದು ಕೆಲಸ ಮಾಡೋಣ: ಮನೆಯಲ್ಲಿ ಲೈಸೆನ್ಸಿನ ಕೋವಿ ಇದ್ದರೆ, ತೋಟೆ ಡಬ್ಬಿ ಎಲ್ಲಿದೆ ಅಂತ ಹಿರಿಯರನ್ನು ಕೇಳೋಣ. ಕೊಟ್ಟಿಗೆಯ ಹತ್ತಿರ, ಗೊಬ್ಬರದ ಹತ್ತಿರ ಇದೆ ಅಂದ್ರೆ ಒಣಗಿದ, ಬೀಗ ಹಾಕುವ ಜಾಗಕ್ಕೆ ಇಡಿ ಅಂತ ಹೇಳೋಣ. ಯಾಕೆ ಅಂತ ಅವರು ಕೇಳೇ ಕೇಳ್ತಾರೆ. ಆಗ ಪೊಲೀಸರ ಹೆಸರು ಹೇಳದೆ, ಕುದುರೆ ಲಾಯದ ಕತೆ ಹೇಳೋಣ.