ಮೂವತ್ತೈದು ಪೈಸೆಯ ಪಾಠ



ಬೇಸಿಗೆ ರಜೆಗೆ ಬಂದಿರುವ ಐದು ವರ್ಷದ ಮೊಮ್ಮಗಳು ಮೊನ್ನೆ ನಮ್ಮ ಮನೆಯ ಜಗಲಿಯ ಮೇಲೆ ಅಂಗಡಿ ತೆರೆದಳು. ಹುಣಸೆ ಬೀಜ, ಖಾಲಿ ಬೆಂಕಿಪೊಟ್ಟಣ, ಅಜ್ಜಿಯಿಂದ ಪಡೆದ ಒಂದು ಹಿಡಿ ಕಡಲೆಕಾಯಿ, ಇವೇ ಸರಕು. ನಾನು ಆರು ರೂಪಾಯಿಯ ‘ಸಕ್ಕರೆ’ ಕೊಂಡು, ಹತ್ತು ರೂಪಾಯಿಯ ನೋಟೆಂದು ಹಲಸಿನ ಎಲೆಯೊಂದನ್ನು ನೀಡಿ, ಚಿಲ್ಲರೆಗಾಗಿ ಕೈಯೊಡ್ಡಿದೆ. ಅವಳು ಎಲೆಯನ್ನು ಹಿಂದಿರುಗಿಸಿ, “ದುಡ್ಡು ಬೇಡ, ಸ್ಕ್ಯಾನ್ ಮಾಡಿ ತಾತ” ಎಂದು ಬೆಂಕಿಪೊಟ್ಟಣವನ್ನು ಮುಂದೆ ಹಿಡಿದಳು. ದಿನವೂ ನನ್ನನ್ನು ಏಕವಚನದಲ್ಲಿ ಕರೆಯುವವಳು ಅಂಗಡಿಯವಳಾದೊಡನೆ ಬಹುವಚನಕ್ಕೆ ಏರಿದ್ದಳು! ನಾನು ನಕ್ಕೆ. ಆದರೆ ಆ ಚಿಲ್ಲರೆ ಮನಸ್ಸಿನಲ್ಲೇ ಉಳಿಯಿತು.

1981ರ ಮಾತು. ಮೂರನೆಯ ತರಗತಿಯ ಒಬ್ಬ ಹುಡುಗ ಕಪ್ಪುಹಲಗೆಯ ಮೇಲೆ ನೂರರಲ್ಲಿ ಅರವತ್ತೈದನ್ನು ಕಳೆದು 165 ಎಂದು ಬರೆದ. ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕೆಂಬುದಷ್ಟೇ ಅವನಿಗೆ ನೆನಪಿತ್ತು. ಕಳೆದ ಮೇಲೆ ಉಳಿದದ್ದು ಮೊದಲಿಗಿಂತ ಹೆಚ್ಚಾಯಿತಲ್ಲ ಎಂದು ತರಗತಿಯೇ ನಕ್ಕಿತು. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

ಅದೇ ಸಂಜೆ ಬಸ್ ನಿಲ್ದಾಣದ ಬಳಿ, ಅವನ ತಾಯಿ ತರಕಾರಿ ಮಾರುತ್ತಿದ್ದಲ್ಲಿ, ಅರವತ್ತೈದು ಪೈಸೆಗೆ ಸೊಪ್ಪು ಮತ್ತು ನಿಂಬೆಹಣ್ಣು ಕೊಂಡೆ. ನಾನಿತ್ತ ಒಂದು ರೂಪಾಯಿಯನ್ನು ಪಡೆದವನು ಆ ಹುಡುಗನೇ. ನನ್ನ ಅಂಗೈಯಲ್ಲಿ ಹತ್ತು ಪೈಸೆ ಇಟ್ಟು “ಎಪ್ಪತ್ತೈದು” ಎಂದ. ನಾಲ್ಕಾಣೆ ಇಟ್ಟು “ರೂಪಾಯಿ ಆಯ್ತು ಮೇಷ್ಟ್ರೇ” ಎಂದ. ಮೇಲೆ ಕೊಸರೆಂದು ಒಂದು ಎಸಳು ಕರಿಬೇವನ್ನೂ ಕೊಟ್ಟ. ಬೆಳಿಗ್ಗೆ ಅವನಿಗೆ ಬಾರದೆಂದು ನಾನು ತೀರ್ಮಾನಿಸಿದ್ದ ಲೆಕ್ಕ ಅದೇ ಆಗಿತ್ತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುವಾರ ತರಗತಿಯ ಮೂಲೆಯಲ್ಲಿ ಅಂಗಡಿ ಇಟ್ಟೆವು. ಎರಡು ತೆಂಗಿನ ಕರಟಗಳನ್ನು ದಾರದಿಂದ ಕಟ್ಟಿ ತಕ್ಕಡಿ ಮಾಡಿದೆವು. ಮೊದಲ ದಿನಗಳಲ್ಲಿ ಆಟವನ್ನು ಕೆಡಿಸಿದವನು ನಾನೇ. ಪಕ್ಕದಲ್ಲಿ ನಿಂತು, “ಎಷ್ಟು ಉಳಿಯಿತು? ಬೇಗ ಹೇಳು” ಎನ್ನುತ್ತಿದ್ದೆ, ಮಕ್ಕಳು ಮೌನವಾಗುತ್ತಿದ್ದರು. ಅದು ಅಂಗಡಿಯಾಗಿ ಉಳಿಯದೆ ಪರೀಕ್ಷೆಯಾಗಿತ್ತು. ನಾನೂ ಸಾಲಿನಲ್ಲಿ ನಿಂತು ಗಿರಾಕಿಯಾಗಿ ಚೌಕಾಶಿ ಮಾಡತೊಡಗಿದ ಮೇಲೆ ಆಟಕ್ಕೆ ಜೀವ ಬಂತು. ಒಬ್ಬಳು ತಪ್ಪು ಕಾಗುಣಿತದಲ್ಲಿ ‘ಇಂದು ನಗದು ನಾಳೆ ಸಾಲ’ ಎಂದು ಫಲಕ ಬರೆದಳು. ಕರಟದಡಿ ಕಲ್ಲು ಅಂಟಿಸಿದ್ದ ಜಾಣನೊಬ್ಬನನ್ನು ಗಿರಾಕಿಗಳೇ ಹಿಡಿದು ನ್ಯಾಯ ತೀರಿಸಿದರು. ಬೆಂಚಿನ ಮೇಲೆ ನಿಂತಿದ್ದ ಹುಡುಗನ ಚಿಲ್ಲರೆಯನ್ನು ನಾನು ಹಲಗೆಯ ಮೇಲೆ ಬರೆದೆ: 65, 10, 25, ಒಟ್ಟು 100. ಅದರ ಪಕ್ಕದಲ್ಲೇ ಹಳೆಯ ಲೆಕ್ಕವನ್ನೂ, ಅವನ ಉತ್ತರವನ್ನೂ ಬರೆದೆ. ಅವನು ಎದ್ದು ಬಂದು 165ನ್ನು ತಾನೇ ಅಳಿಸಿ, “ಹಾಗೆ ಕೊಟ್ಟರೆ ಅಂಗಡಿ ಮುಚ್ಚಬೇಕಾಗುತ್ತದೆ ಮೇಷ್ಟ್ರೇ” ಎಂದ.

ನನ್ನ ಅನುಭವ ಒಂಟಿಯಲ್ಲವೆಂದು ಮುಂದೆ ಓದಿ ತಿಳಿದೆ. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಯಲ್ಲಿ ಮಾರುತ್ತಿದ್ದ ಐವರು ಮಕ್ಕಳನ್ನು ಕುರಿತ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98ರಷ್ಟನ್ನು ಅವರು ಸರಿಯಾಗಿ ಮಾಡಿದ್ದರು; ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37ರಷ್ಟು ಮಾತ್ರ. ದೆಹಲಿ ಮತ್ತು ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಕುರಿತು 2025ರಲ್ಲಿ ಬಂದ ಅಧ್ಯಯನವೂ ಇದನ್ನೇ ತೋರಿಸಿತು. ಜೊತೆಗೆ, ಶಾಲೆಯ ಲೆಕ್ಕದಲ್ಲಿ ಮುಂದಿರುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸುತ್ತಾರೆಂದೂ ಹೇಳಿತು. ಎರಡು ದಡಗಳಿವೆ, ನಡುವೆ ಸೇತುವೆಯಿಲ್ಲ. ಎಳೆಯ ಮಕ್ಕಳ ಅಂಗಡಿ ಆಟ ಆ ಸೇತುವೆಯ ಮೊದಲ ಹಲಗೆ ಎಂಬುದು ನನ್ನ ಅಭಿಪ್ರಾಯ.

ಎಲೆಯೊಂದು ಹತ್ತು ರೂಪಾಯಿಯಾಗುವುದು ಸಣ್ಣ ಸಂಗತಿಯಲ್ಲ. ಒಂದು ವಸ್ತು ಮತ್ತೊಂದರ ಸ್ಥಾನದಲ್ಲಿ ನಿಲ್ಲಬಲ್ಲದೆಂದು ಅರಿತ ಮಗು ನಾಳೆ ಅಂಕಿಯನ್ನೂ ಅಕ್ಷರವನ್ನೂ ಒಪ್ಪಿಕೊಳ್ಳಲು ಸಿದ್ಧವಾಗುತ್ತದೆ. ಆಟದಲ್ಲಿಯೇ ಮಗು ತನ್ನನ್ನು ಹೆಚ್ಚು ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ ಎಂದು ರಷ್ಯದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ 1933ರ ಉಪನ್ಯಾಸದಲ್ಲಿ ಪ್ರತಿಪಾದಿಸಿದರು. ನನ್ನ ಮೊಮ್ಮಗಳು ಕಡಲೆಕಾಯಿ ಎಂದರೆ ಪ್ರಾಣ ಬಿಡುವವಳು. ಆದರೂ ಅಂಗಡಿ ಮುಚ್ಚುವವರೆಗೆ ಒಂದನ್ನೂ ಬಾಯಿಗೆ ಹಾಕಲಿಲ್ಲ!

ನಾಲ್ಕಾಣೆ 2011ರಲ್ಲಿ ಚಲಾವಣೆಯಿಂದ ಹೋಯಿತು. 2016ರಲ್ಲಿ ಯುಪಿಐ ಬಂತು. ಅದು ಅನುಕೂಲವೇ, ನಾನೂ ಬಳಸುತ್ತೇನೆ. ಆದರೆ ಅದರಲ್ಲಿ ಮಗುವಿನ ಕಣ್ಣಿಗೆ ಬೀಳುವುದು ಹಣ ಕೊಟ್ಟದ್ದಷ್ಟೇ. ಹಿಂದಿರುಗುವುದು ಏನೂ ಇಲ್ಲ. ಬೆಲೆಯಿಂದ ಕೊಟ್ಟ ಹಣದವರೆಗೆ ಎಣಿಸುತ್ತಾ ಏರುವ ಆ ಪಾಠ ಸದ್ದಿಲ್ಲದೆ ಮಾಯವಾಗುತ್ತಿದೆ. ಶಾಲೆಗಳ ಮಕ್ಕಳ ಸಂತೆ ಒಳ್ಳೆಯದೇ, ಆದರೆ ವರ್ಷಕ್ಕೊಂದು ದಿನ ಸಾಲದು.

ಆದ್ದರಿಂದ, ಇಂದು ತಂದೆತಾಯಂದಿರಾಗಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ಮಕ್ಕಳಿಗೆ ಬೆಲೆಬಾಳುವ ಆಟದ ಅಂಗಡಿ ತರಬೇಡಿ. ಒಂದು ಡಬ್ಬಿಯಲ್ಲಿ ನಿಜವಾದ ನಾಣ್ಯಗಳನ್ನು ಕೊಡಿ. ತೀರ ಚಿಕ್ಕವರು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ನೀವು ಗಿರಾಕಿಯಾಗಿ ಕುಳಿತುಕೊಳ್ಳಿ, ಪರೀಕ್ಷಕರಾಗಬೇಡಿ. ತಪ್ಪು ಚಿಲ್ಲರೆ ಬಂದರೆ ಗಿರಾಕಿಯಂತೆಯೇ ಜಗಳವಾಡಿ.

ನಾನೂ ಮೊಮ್ಮಗಳಿಗೆ ಅಂಥ ಡಬ್ಬಿ ಕೊಟ್ಟೆ. ನಿನ್ನೆ ಆರು ರೂಪಾಯಿಯ ಸಾಮಾನಿಗೆ ಮತ್ತೆ ಹತ್ತರ ಎಲೆ ನೀಡಿದೆ. ಅವಳು “ಏಳು, ಎಂಟು, ಒಂಬತ್ತು” ಎನ್ನುತ್ತ ಮೂರು ನಾಣ್ಯಗಳನ್ನು ಇಟ್ಟು ತಡೆದಳು. ಡಬ್ಬಿಯಲ್ಲಿ ಇನ್ನೂ ಬೇಕಾದಷ್ಟಿದ್ದರೂ, “ಒಂದು ರೂಪಾಯಿ ಚಿಲ್ಲರೆ ಇಲ್ಲ, ಚಾಕೊಲೇಟ್ ತಗೊಳ್ಳಿ” ಎಂದು ನನ್ನ ಕೈಗೆ ಹುಣಸೆ ಬೀಜ ಇಟ್ಟಳು.