ಮಗುವಿನ ಕನ್ನಡ ಮತ್ತು ಸಂಶೋಧನಾರ್ಥಿಯ ಪ್ರಶ್ನೆ

ಪಿಎಚ್.ಡಿ. ಪ್ರವೇಶದ ಅರ್ಜಿಯನ್ನು ಕನ್ನಡ ವಿಭಾಗಗಳು ಸಾಮಾನ್ಯವಾಗಿ ಆಡಳಿತದ ಕಾಗದವೆಂದೇ ಭಾವಿಸುತ್ತ ಬಂದಿವೆ. ಸ್ನಾತಕೋತ್ತರ ಪದವಿಯ ಅಂಕ, ಪ್ರವೇಶ ಪರೀಕ್ಷೆ, ಮಾರ್ಗದರ್ಶಕರಲ್ಲಿ ಖಾಲಿಯಿರುವ ಸ್ಥಾನ ಇವೆಲ್ಲ ಇತ್ಯರ್ಥವಾದ ಮೇಲೆ ವಿಷಯದ ಹುಡುಕಾಟ ಆರಂಭವಾಗುತ್ತದೆ. ಬೆಳವಣಿಗೆ ಮನೋವಿಜ್ಞಾನದ ಪ್ರಯೋಗಾಲಯಗಳಲ್ಲಿ, ವಿಶೇಷವಾಗಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ, ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಪ್ರಶ್ನೆ ಮೊದಲು, ಪ್ರವೇಶ ಅನಂತರ. ಮಗು ಮಾತನ್ನು, ಎಣಿಕೆಯನ್ನು, ಪರರ ಮನಸ್ಸನ್ನು ಹೇಗೆ ಅರಿಯುತ್ತದೆಂದು ಶೋಧಿಸುವ ಈ ಜ್ಞಾನಶಾಖೆಯ ಪ್ರವೇಶಕ್ರಮವು ಕನ್ನಡ ಅಧ್ಯಾಪಕರಿಗೆ ದೂರದ ಸಂಗತಿಯೆಂದು ತೋರಬಹುದು. ಆದರೆ ಕನ್ನಡ ಮಾತನಾಡುವ ಮಗುವಿನ ಬಗ್ಗೆ ಪ್ರಶ್ನೆ ಕೇಳಬೇಕಾದವರು ಯಾರು ಎಂಬ ವಿಚಾರವು ಅದರೊಂದಿಗೆ ತಳಕುಹಾಕಿಕೊಂಡಿದೆ.

ಆ ಪ್ರವೇಶಕ್ರಮದ ಸ್ವರೂಪವನ್ನು ಸ್ಥೂಲವಾಗಿ ಹೀಗೆ ಗುರುತಿಸಬಹುದು. ಅರ್ಜಿಯು ವಿಶ್ವವಿದ್ಯಾಲಯದ ಹೆಸರಿಗೆ ಸಲ್ಲಿಕೆಯಾದರೂ ಅದರ ಗತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಒಬ್ಬ ಪ್ರಾಧ್ಯಾಪಕರ ಪ್ರಯೋಗಾಲಯ. ಸಾಮಾನ್ಯವಾಗಿ ಡಿಸೆಂಬರ್ ಸುಮಾರಿಗೆ ಮುಗಿಯುವ ಅವಧಿಗೆ ಮುಂಚಿತವಾಗಿಯೇ ಅಭ್ಯರ್ಥಿಯು ಆ ಪ್ರಾಧ್ಯಾಪಕರ ಈಚಿನ ಲೇಖನಗಳನ್ನು ಓದಿ, ಮುಂದಿನ ವರ್ಷ ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವ ಉದ್ದೇಶವಿದೆಯೇ ಎಂದು ಪತ್ರ ಬರೆದು ವಿಚಾರಿಸುವುದು ರೂಢಿ. ಅಂಕಪಟ್ಟಿ, ಶಿಫಾರಸು ಪತ್ರಗಳು, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬೇಕೇಬೇಕು. ಆದರೆ 2020ರ ನಂತರ ಅನೇಕ ವಿಭಾಗಗಳು ಜಿ.ಆರ್.ಇ. ಪರೀಕ್ಷೆಯ ಕಡ್ಡಾಯವನ್ನು ಸಡಿಲಿಸಿದುದರಿಂದ ಉದ್ದೇಶಪತ್ರದ ತೂಕ ಇನ್ನಷ್ಟು ಹೆಚ್ಚಿದೆ. ಎರಡು ಪುಟಗಳ ಆಸುಪಾಸಿನ ಈ ಪತ್ರದಲ್ಲಿ ಮಕ್ಕಳ ಮೇಲಿನ ಪ್ರೀತಿಯನ್ನು ಬಣ್ಣಿಸಿದರೆ ಪ್ರಯೋಜನವಿಲ್ಲ. ಯಾವ ಪ್ರಶ್ನೆ, ಅದು ಏಕೆ ಇನ್ನೂ ಉತ್ತರ ಕಂಡಿಲ್ಲ, ಯಾವ ವಿಧಾನದಿಂದ ಉತ್ತರ ದೊರಕೀತು, ಅದಕ್ಕೆ ಈ ಪ್ರಯೋಗಾಲಯವೇ ಏಕೆ ತಕ್ಕುದು ಎಂಬ ನಾಲ್ಕು ಅಂಶಗಳು ಅಲ್ಲಿ ಸ್ಪಷ್ಟವಾಗಬೇಕು. ಆಯ್ಕೆಯಾದವರಿಗೆ ಹಲವು ವರ್ಷ ಶುಲ್ಕವಿನಾಯಿತಿಯನ್ನೂ ಜೀವನವೇತನವನ್ನೂ ಕೊಡಬೇಕಾಗಿರುವುದರಿಂದ ಆಯ್ಕೆ ಬಿಗಿಯಾಗಿರುತ್ತದೆ. 2025ರಲ್ಲಿ ಸಂಶೋಧನಾ ಅನುದಾನ ಕಡಿತಗೊಂಡು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಪ್ರವೇಶವನ್ನು ತಗ್ಗಿಸಿದ ಮೇಲಂತೂ ಈ ಬಾಗಿಲು ಮತ್ತಷ್ಟು ಕಿರಿದಾಗಿದೆ.

ಇಂಥ ಬಾಗಿಲಿನ ಮುಂದೆ ಕನ್ನಡದ ವಿದ್ಯಾರ್ಥಿ ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಒಂದು ನಿದರ್ಶನ ಸಾಕು. 2003ರಲ್ಲಿ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಅವರು ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯ ವಸ್ತು ಕನ್ನಡದ ಪ್ರೇರಣಾರ್ಥಕ ‘ಇಸು’ ಪ್ರತ್ಯಯ. ಏರು–ಏರಿಸು ಎಂಬ ಭೇದವನ್ನು ಕನ್ನಡದ ಮೂರು ವರ್ಷದ ಮಕ್ಕಳು ಹೇಗೆ ಗ್ರಹಿಸುತ್ತಾರೆಂದು ತಿಳಿಯಲು, ವಾಕ್ಯವನ್ನು ಹೇಳಿ ಅದರ ಅರ್ಥವನ್ನು ಆಟಿಕೆಗಳಿಂದ ಆಡಿ ತೋರಿಸುವಂತೆ ಅವರನ್ನು ಕೇಳಲಾಯಿತು. ವಾಕ್ಯದಲ್ಲಿ ಎರಡು ನಾಮಪದಗಳಿದ್ದರೆ ಮಕ್ಕಳು ಪ್ರೇರಣೆಯ ಅರ್ಥವನ್ನು ಹಿಡಿದರು. ‘ಇಸು’ ಇದೆಯೋ ಇಲ್ಲವೋ ಎಂಬುದನ್ನು ಅವರು ಆಧಾರವಾಗಿಟ್ಟುಕೊಳ್ಳಲಿಲ್ಲ. ವಯಸ್ಕರಾದರೋ ಪ್ರತ್ಯಯವನ್ನು ಗಮನಿಸಿಯೇ ಅರ್ಥೈಸಿದರು. ಕನ್ನಡದಲ್ಲಿ ಅಷ್ಟು ವಿಶ್ವಾಸಾರ್ಹವಾದ ಗುರುತನ್ನು ಬಿಟ್ಟು ಮಗು ನಾಮಪದಗಳ ಸಂಖ್ಯೆಯನ್ನು ನೆಚ್ಚುವುದೇಕೆ ಎಂಬುದು ಭಾಷೆಯ ಕಲಿಕೆಯಲ್ಲಿ ಸಹಜಶಕ್ತಿಗೂ ಪರಿಸರಕ್ಕೂ ಇರುವ ಪಾಲನ್ನು ಕುರಿತ ದೊಡ್ಡ ಚರ್ಚೆಗೆ ಕನ್ನಡವು ಒದಗಿಸಿದ ಸಾಕ್ಷ್ಯವಾಯಿತು.

ಪ್ರೇರಣಾರ್ಥಕ ಪ್ರತ್ಯಯವನ್ನು ಕನ್ನಡ ಎಂ.ಎ. ಓದಿದ ಪ್ರತಿಯೊಬ್ಬರೂ ಬಲ್ಲರು. ಆದರೆ ಅದನ್ನು ಮಗು ಹೇಗೆ ಕಲಿಯುತ್ತದೆ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ. ಹೊರಗಿನ ವಿದ್ವಾಂಸರು ಕನ್ನಡದ ಮಗುವಿನತ್ತ ನೋಡಿದುದು ಉಪಕಾರವೇ ಸರಿ. ಆದರೂ ‘ನನಗೆ ಹಸಿವಾಗಿದೆ’ ಎಂಬಂಥ ಚತುರ್ಥೀ ವಿಭಕ್ತಿಯ ವಾಕ್ಯವನ್ನು ಮಗು ಯಾವಾಗ ವಶಪಡಿಸಿಕೊಳ್ಳುತ್ತದೆ, ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಆಡುವ ಮಗು ಶಾಲೆಯ ಕನ್ನಡದೊಳಗೆ ಹೇಗೆ ಕಾಲಿಡುತ್ತದೆ, ಧಾರವಾಡದ ಮನೆಮಾತು ಪಠ್ಯಪುಸ್ತಕದ ಭಾಷೆಯನ್ನು ಎದುರಾದಾಗ ಏನಾಗುತ್ತದೆ ಎಂಬ ಪ್ರಶ್ನೆಗಳು ಭಾಷೆಯೊಳಗೆ ಬಾಳಿದವರಿಗೆ ಬೇಗ ಹೊಳೆಯುತ್ತವೆ. ಓದಿನ ಕ್ಷೇತ್ರದಲ್ಲಿ ಸೋನಾಲಿ ನಾಗ್ ಅವರ 2007ರ ಅಧ್ಯಯನವು ಕನ್ನಡದ ಅಕ್ಷರಸಮೂಹವನ್ನು ಕರಗತ ಮಾಡಿಕೊಳ್ಳಲು ಮಕ್ಕಳಿಗೆ ಇಂಗ್ಲಿಷ್ ವರ್ಣಮಾಲೆಗಿಂತ ಹೆಚ್ಚು ಕಾಲ ಬೇಕೆಂದು ತೋರಿಸಿತು. ಇವು ಕೇವಲ ಸಿದ್ಧಾಂತದ ಮಾತುಗಳಲ್ಲ. ಒಂದನೆಯ ತರಗತಿಯ ಪಾಠ ಯಾವ ವೇಗದಲ್ಲಿ ಸಾಗಬೇಕೆಂಬ ನಿರ್ಣಯಕ್ಕೆ ನೇರವಾಗಿ ಸಂಬಂಧಿಸಿದವು. ಮಕ್ಕಳ ಭಾಷಾಕಲಿಕೆಯ ನಾಲ್ಕು ಮುಖ್ಯ ಪತ್ರಿಕೆಗಳನ್ನು ಪರಿಶೀಲಿಸಿದ ಕಿಡ್ ಮತ್ತು ಗಾರ್ಸಿಯಾ ಅವರಿಗೆ 2022ರಲ್ಲಿ ಕಂಡುಬಂದ ಭಾಷೆಗಳು ಸುಮಾರು 103 ಮಾತ್ರ. ಜಗತ್ತಿನ ಸಾವಿರಾರು ಭಾಷೆಗಳ ಮುಂದೆ ಈ ಸಂಖ್ಯೆಯ ಅಲ್ಪತ್ವವನ್ನು ವಿವರಿಸಬೇಕಾಗಿಲ್ಲ.

ಹೀಗಿದ್ದೂ ಕನ್ನಡದ ಪದವೀಧರರು ಇಂಥ ಪ್ರಯೋಗಾಲಯಗಳತ್ತ ಮುಖಮಾಡದಿರುವುದಕ್ಕೆ ಇಂಗ್ಲಿಷಿನ ಅಂಜಿಕೆ, ಹಣದ ಅಭಾವಗಳಷ್ಟೇ ಕಾರಣವಲ್ಲ. ‘ಇಂಥವರ ಕಾದಂಬರಿಗಳು: ಒಂದು ಅಧ್ಯಯನ’ ಎಂಬ ಮಾದರಿಯ ಶೀರ್ಷಿಕೆ ಒಂದು ಕ್ಷೇತ್ರವನ್ನು ಹೆಸರಿಸುತ್ತದೆಯೇ ಹೊರತು ಪ್ರಶ್ನೆಯನ್ನು ಮುಂದಿಡುವುದಿಲ್ಲ. ಅಂಥ ಸಾರಲೇಖಗಳನ್ನು ಬರೆದು ರೂಢಿಯಾದ ಕೈಗೆ ಉದ್ದೇಶಪತ್ರದ ಎರಡು ಪುಟ ಭಾರವಾಗುವುದು ಸಹಜ.

ಮನೋವಿಜ್ಞಾನದ ಕೆಲಸವನ್ನು ಕನ್ನಡ ವಿಭಾಗ ಏಕೆ ಹೊರಬೇಕು ಎಂಬ ಆಕ್ಷೇಪ ನಿರಾಧಾರವಾದುದಲ್ಲ. ಪ್ರಯೋಗದ ವಿನ್ಯಾಸ, ಸಂಖ್ಯಾಶಾಸ್ತ್ರ, ಸಹಾಯಕರಾಗಿ ದುಡಿದ ಅನುಭವ ಇವಿಲ್ಲದೆ ಕೇವಲ ಭಾಷಾಜ್ಞಾನದ ಬಲದಿಂದ ಪ್ರವೇಶ ದೊರೆಯುವುದು ಕಷ್ಟ. ಇವೆಲ್ಲವನ್ನು ಕನ್ನಡ ವಿಭಾಗ ಒಂಟಿಯಾಗಿ ಕಲಿಸಲಾರದು, ಕಲಿಸಬೇಕಾಗಿಯೂ ಇಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯು ಬೇರೆ ವಿಭಾಗದ, ಬೇರೆ ಸಂಸ್ಥೆಯ ಸಹಮಾರ್ಗದರ್ಶಕರಿಗೆ ಅವಕಾಶವಿತ್ತಿದೆ. ಮೈಸೂರು ಒಂದರಲ್ಲಿಯೇ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ, ಭಾರತೀಯ ಭಾಷಾ ಸಂಸ್ಥಾನ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿವೆ. ಮಗುವಿನ ಭಾಷೆಯನ್ನು ಅಭ್ಯಸಿಸಲು ಇಷ್ಟು ಒಳ್ಳೆಯ ನೆರೆಹೊರೆ ದೊರೆಯುವುದು ವಿರಳ.

ಕನ್ನಡ ವಿಭಾಗ ತನ್ನ ಪಾಲಿನದೆಂದು ಮಾಡಬಹುದಾದ ಕೆಲಸಗಳು ಎರಡು. ಸ್ನಾತಕೋತ್ತರ ತರಗತಿಯ ಭಾಷಾವಿಜ್ಞಾನ ಪತ್ರಿಕೆಯಲ್ಲಿ ಮಗುವಿನ ಮಾತಿಗೆ ಸ್ಥಾನ ಕೊಟ್ಟು, ಪೋಷಕರ ಒಪ್ಪಿಗೆ ಪಡೆದು ಒಂದು ಮಗುವಿನ ಮಾತನ್ನು ಕೆಲವು ತಿಂಗಳ ಕಾಲ ದಾಖಲಿಸಿ ವಿಶ್ಲೇಷಿಸುವ ಕಿರುಯೋಜನೆಯನ್ನು ಅಳವಡಿಸುವುದು ಮೊದಲನೆಯದು. ಪಿಎಚ್.ಡಿ. ಅರ್ಜಿಯೊಂದಿಗೇ ಎರಡು ಪುಟಗಳ ಪ್ರಶ್ನಾಪತ್ರವೊಂದನ್ನು ಕೇಳಿ, ಸಂದರ್ಶನದಲ್ಲಿ ಅದನ್ನೇ ಚರ್ಚಿಸುವುದು ಎರಡನೆಯದು. ಅದೇ ನಿಯಮಾವಳಿಯಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ ಎಂಟು, ಸಹಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದಾಗಿದೆ. ಸ್ಥಾನಗಳು ಇಷ್ಟು ಮಿತವಾಗಿರುವಾಗ ಅವು ಪ್ರಶ್ನೆಯುಳ್ಳವರಿಗೆ ಸಲ್ಲಬೇಕಾದುದು ನ್ಯಾಯ. ಇದರ ಫಲ ವಿದೇಶಕ್ಕೆ ಹೋಗುವ ಒಬ್ಬಿಬ್ಬರಿಗೆ ಸೀಮಿತವಾಗದು. ಹಳಗನ್ನಡ ಕಾವ್ಯವನ್ನೋ ಜನಪದ ಕಥನವನ್ನೋ ಆಯ್ದು ಇಲ್ಲಿಯೇ ಉಳಿಯುವ ಸಂಶೋಧನಾರ್ಥಿಯ ಕೆಲಸವೂ ಹರಿತಗೊಳ್ಳುತ್ತದೆ.

ಕನ್ನಡದ ಮಗು ಜಗತ್ತಿನ ಪ್ರಯೋಗಾಲಯಗಳಿಗೆ ಈಗಾಗಲೇ ಸಾಕ್ಷ್ಯ ನುಡಿದಿದೆ. ಆ ಸಾಕ್ಷ್ಯವನ್ನು ಮುಂದೆಯೂ ಪರರ ವರದಿಯಲ್ಲಿ ಓದಿ ತೃಪ್ತಿಪಡಬೇಕೇ, ಪ್ರಶ್ನಿಸುವವರ ಸಾಲಿನಲ್ಲಿ ಕನ್ನಡದ ವಿದ್ಯಾರ್ಥಿಯೂ ನಿಲ್ಲಬೇಕೇ ಎಂಬುದನ್ನು ತೀರ್ಮಾನಿಸಬೇಕಾದವರು ಇಂದು ಭಾಷಾವಿಜ್ಞಾನದ ಪಾಠ ಹೇಳುತ್ತಿರುವ ಅಧ್ಯಾಪಕರೇ.