ಹಿಂದಿನ ಸೀಟಿನವನ ಅಹವಾಲು

ಚಾಮುಂಡಿ ಬೆಟ್ಟದಿಂದ ಟ್ಯಾಂಡೆಮ್ ಸೈಕಲ್ಲಿನಲ್ಲಿ ಇಳಿದು ಬಂದು ಟೀ ಅಂಗಡಿ ಮುಂದೆ ನಿಂತರೆ, ಯಾರಾದರೊಬ್ಬರು ನನ್ನ ಗೆಳೆಯನಿಗೆ ಬುದ್ಧಿ ಹೇಳದೆ ಬಿಡುವುದಿಲ್ಲ: ‘ಪಾಪ, ಕಣ್ಣು ಕಾಣದವರನ್ನು ಹಿಂದೆ ಕೂರಿಸ್ಕೊಂಡು ಅಷ್ಟು ಜೋರಾಗಿ ಬರ್ತೀರಲ್ರೀ!’ ನನ್ನನ್ನು ಕೇಳುವವರಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಜೋರಾಗಿ ಬಿಡು ಅಂದವನೇ ನಾನು.

ಇಳಿಜಾರು ಸಿಕ್ಕರೆ ಟ್ಯಾಂಡೆಮ್ ತಾನಾಗಿಯೇ ಓಡುತ್ತದೆ. ತೂಕ ಇಬ್ಬರದು, ಗಾಳಿಗೆ ಎದೆ ಕೊಡುವವನು ಒಬ್ಬನೇ. ಹತ್ತುವಾಗ ನಮ್ಮನ್ನು ಹಿಂದೆ ಹಾಕಿ ನಕ್ಕ ಒಂಟಿ ಸೈಕಲ್ಲಿನವರ ಲೆಕ್ಕವೆಲ್ಲ ಅಲ್ಲಿ ಚುಕ್ತಾ.

ಹೆದರಬೇಕಾದ್ದು ಬ್ರೇಕಿಗೆ. ಬೆಟ್ಟ ಮೈಸೂರಿಗಿಂತ ಸುಮಾರು 300 ಮೀಟರ್ ಎತ್ತರ. ನಾವಿಬ್ಬರೂ ಸೈಕಲ್ಲೂ ಸೇರಿ 165 ಕಿಲೊ. ಇಷ್ಟು ಭಾರವನ್ನು ಬರೀ ಬ್ರೇಕ್ ಹಿಡಿದೇ ಇಳಿಸಿದರೆ ಹುಟ್ಟುವ ಬಿಸಿಯಲ್ಲಿ ಒಂದೂವರೆ ಲೀಟರ್ ನೀರು ಕುದಿಸಬಹುದು. ಮೊದಲ ವರ್ಷ ನಂದಿಯ ಬಳಿ ನಿಂತಾಗ ಕುತೂಹಲಕ್ಕೆ ರಿಮ್ ಮುಟ್ಟಿ ಬೆರಳಿಗೆ ಬೊಬ್ಬೆ ಬರಿಸಿಕೊಂಡೆ. ಆ ಕಾವಿಗೆ ಟ್ಯೂಬ್ ಸಿಡಿಯುವುದೂ ಉಂಟು. ಅಂಜಿಕೊಂಡು ಉದ್ದಕ್ಕೂ ಬ್ರೇಕ್ ಒತ್ತುತ್ತಾ ಬರುವವನ ರಿಮ್ಮೇ ಹೆಚ್ಚು ಕಾಯುವುದು. ನೇರ ರಸ್ತೆಯಲ್ಲಿ ಬಿಟ್ಟುಬಿಡಬೇಕು, ಒಂದಿಷ್ಟು ಕೆಲಸ ಗಾಳಿಯೇ ಮಾಡುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿಯಬೇಕು. ಆಮೇಲೆ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಹಾಕಿಸಿದೆವು. ಅದರ ಲಿವರ್ ನನ್ನ ಕೈಯಲ್ಲಿದೆ. ಬುದ್ಧಿ ಹೇಳುವವರಿಗೆ ಇದು ಗೊತ್ತಿರುವುದಿಲ್ಲ.

ಗೆಳೆಯ ‘ಬಲ’ ಅಂದರೆ ಇಬ್ಬರ ಎಡಗಾಲೂ ಕೆಳಗೆ, ಸೈಕಲ್ ವಾಲಿದ ಕಡೆಗೇ ಮೈ. ಒಮ್ಮೆ ನನ್ನ ಅಕ್ಕನ ಮಗ ಹಿಂದೆ ಕೂತಿದ್ದ, ಕಣ್ಣು ಚೆನ್ನಾಗಿರುವ ಹುಡುಗ. ಪ್ರತಿ ತಿರುವಿನಲ್ಲೂ ಮುಂದಿನವನ ಹೆಗಲಾಚೆ ಇಣುಕಲು ಹೋಗಿ ಉಲ್ಟಾ ವಾಲಿದನಂತೆ. ಎರಡನೇ ತಿರುವಿಗೇ ಗೆಳೆಯ ಅವನನ್ನು ಇಳಿಸಿ ಬಸ್ಸು ಹತ್ತಿಸಿದ. ಇಣುಕುವ ಚಪಲ ನನಗಿಲ್ಲ.

ನನಗೆ ಬೇಕಾದ್ದು ಅವನ ದನಿ. ‘ಎಡ’, ‘ಹಂಪು’, ‘ಕೋತಿ’, ‘ಬ್ರೇಕು’ – ಗಾಳಿಯ ಭರಾಟೆಯಲ್ಲಿ ಇಷ್ಟು ಕಿವಿಗೆ ಬಿದ್ದರೆ ಸಾಕು. ಸರಿಯಾಗಿ ಅದೇ ಹೊತ್ತಿಗೆ ಹಿಂದಿನಿಂದ ಕಾರೊಂದು ಹಾರ್ನ್ ಬಾರಿಸಿದರೆ ನಿಜಕ್ಕೂ ಕುರುಡನಾಗುತ್ತೇನೆ. ಭಾನುವಾರ ಬೆಳಿಗ್ಗೆ ಬೆಟ್ಟಕ್ಕೆ ಬರುವ ಕಾರಿನವರೇ, ತಿರುವು ಮುಗಿಯುವ ತನಕ ದಯವಿಟ್ಟು ತಡೆದುಕೊಳ್ಳಿ. ನೇರ ರಸ್ತೆ ಸಿಕ್ಕ ಕೂಡಲೇ ಕೈ ಬೀಸಿ ನಿಮಗೆ ದಾರಿ ಕೊಡುವವನೂ ನಾನೇ.